ಅಂಕೆ ತಪ್ಪಿದ ಜೀವಕೋಶ

ಉಂಡ ಅನ್ನವನ್ನೂ ತಿಂದ ಮಾಂಸವನ್ನೂ ಕೆಲವೇ ಗಂಟೆಗಳಲ್ಲಿ ಅರಗಿಸುವ ಜಠರವು ತನ್ನನ್ನು ತಾನೇ ಏಕೆ ಅರಗಿಸಿಕೊಳ್ಳುವುದಿಲ್ಲ? ವಾತಾಪಿಯನ್ನು ಜೀರ್ಣಿಸಿಕೊಂಡ ಅಗಸ್ತ್ಯರ ಕಥೆಯನ್ನು ಕೇಳಿದ ಮಕ್ಕಳಲ್ಲಿ ಚುರುಕಾದ ಒಬ್ಬನಾದರೂ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ. ಪ್ರಶ್ನೆ ಸಣ್ಣದಲ್ಲ. ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವು ಬಹು ತೀಕ್ಷ್ಣವಾದುದು. ಅದರೊಡನೆ ಕೂಡಿಕೊಂಡ ಪೆಪ್ಸಿನ್ ಎಂಬ ಕಿಣ್ವವು ಪ್ರೋಟೀನುಗಳನ್ನು ತುಂಡುತುಂಡಾಗಿ ಕತ್ತರಿಸಿಹಾಕುತ್ತದೆ. ಜಠರದ ಗೋಡೆಯೂ ಮಾಂಸದಿಂದಲೇ ಆದದ್ದು. ಅದು ಉಳಿದುಕೊಂಡಿರುವುದು ಎರಡು ಉಪಾಯಗಳಿಂದ. ಒಳಗೋಡೆಯ ಮೇಲೆ ಲೋಳೆಯ ಪದರವೊಂದು ಸದಾ ಹರಡಿಕೊಂಡಿರುತ್ತದೆ. ಆ ಲೋಳೆಯನ್ನು ಸ್ರವಿಸುವ ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿಹೋಗಿ, ಅವುಗಳ ಸ್ಥಾನಕ್ಕೆ ಹೊಸ ಕೋಶಗಳು ಬರುತ್ತವೆ.

ಈ ಎರಡನೆಯ ಉಪಾಯದಲ್ಲಿ ಒಂದು ಅಪಾಯವೂ ಅಡಗಿದೆ. ಎಷ್ಟು ಕೋಶಗಳು ಉದುರುವುವೋ ಅಷ್ಟೇ ಹುಟ್ಟಬೇಕು. ಹುಟ್ಟಿದ ಕೋಶವು ತನ್ನ ಎಡೆಯನ್ನು ಸೇರಬೇಕು, ತನಗೆ ನೇಮಿಸಿದ ಕೆಲಸವನ್ನು ಕೈಗೊಳ್ಳಬೇಕು, ಕಾಲ ಬಂದಾಗ ಸಾಯಬೇಕು. ಬದುಕಿನುದ್ದಕ್ಕೂ ಸಾವಿರಾರು ಬಾರಿ ಹೀಗೆ ನವೀಕರಣಗೊಳ್ಳುವ ಗೋಡೆಯಲ್ಲಿ ಎಂದಾದರೊಮ್ಮೆ ಒಂದು ಕೋಶವು ಈ ಅಂಕೆಯನ್ನು ಮೀರಿ, ತನ್ನ ಪಾಡಿಗೆ ತಾನು ಇಬ್ಭಾಗವಾಗುತ್ತ, ನೆರೆಯ ಕೋಶಗಳನ್ನು ಒತ್ತರಿಸಿ ಬೆಳೆಯತೊಡಗಿದರೆ ಜಠರದ ಕ್ಯಾನ್ಸರ್ ಅಥವಾ ಅರ್ಬುದ ರೋಗಕ್ಕೆ ಬೀಜಾಂಕುರವಾಯಿತೆಂದು ತಿಳಿಯಬೇಕು. ಹಾಗಾದರೆ ಕೋಶಗಳನ್ನು ಅಂಕೆಯಲ್ಲಿಡುವುದು ಯಾವುದು? ಈ ಪ್ರಶ್ನೆಗೆ ಕಳೆದ ಮೂರು ದಶಕಗಳಲ್ಲಿ ದೊರೆತಿರುವ ಉತ್ತರದ ಒಂದು ಭಾಗವನ್ನು ಈ ಪಾಠದಲ್ಲಿ ನೋಡೋಣ.

ರೋಗದ ಪರಿಚಯವನ್ನು ಮೊದಲು ಮಾಡಿಕೊಳ್ಳಬೇಕು. ೨೦೨೨ರಲ್ಲಿ ಜಗತ್ತಿನಾದ್ಯಂತ ಸುಮಾರು ೯ ಲಕ್ಷ ೭೦ ಸಾವಿರ ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತೆಂದೂ ಸುಮಾರು ೬ ಲಕ್ಷ ೬೦ ಸಾವಿರ ಜನರು ಇದರಿಂದ ಮೃತರಾದರೆಂದೂ ಅಂದಾಜು ಮಾಡಲಾಗಿದೆ. ಜಪಾನ್, ಕೊರಿಯ, ಮಂಗೋಲಿಯ ಮುಂತಾದ ದೇಶಗಳಲ್ಲಿ ಇದರ ಹಾವಳಿ ಹೆಚ್ಚು. ನಮ್ಮ ದೇಶದಲ್ಲಿ ಮಿಜೋರಾಂ ರಾಜ್ಯವು ಈ ದುರದೃಷ್ಟದಲ್ಲಿ ಮೊದಲನೆಯದು. ರೋಗದ ಕ್ರೌರ್ಯವಿರುವುದು ಅದರ ಮೌನದಲ್ಲಿ. ಆರಂಭದಲ್ಲಿ ನೋವಿಲ್ಲ, ಇದ್ದರೂ ಅಜೀರ್ಣವೆಂದೋ ಹೊಟ್ಟೆಯುಬ್ಬರವೆಂದೋ ಜನರು ಅದನ್ನು ಅಲಕ್ಷಿಸುತ್ತಾರೆ. ಊಟ ಸೇರದೆ, ಮೈ ಇಳಿದು, ವಾಂತಿಯಲ್ಲಿ ರಕ್ತ ಕಾಣಿಸಿಕೊಂಡು ವೈದ್ಯರ ಬಳಿಗೆ ಬರುವ ಹೊತ್ತಿಗೆ ರೋಗವು ಅನೇಕ ವೇಳೆ ಜಠರದ ಗೋಡೆಯನ್ನು ದಾಟಿ ಹೋಗಿರುತ್ತದೆ.

ಆದರೆ ಈ ರೋಗವು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಕೊಲಂಬಿಯ ದೇಶದಲ್ಲಿ ಜನಿಸಿದ ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯ ಎಂಬುವರು ಅಲ್ಲಿನ ನಾರಿನ್ಯೊ ಪ್ರಾಂತದಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಆಂಡಿಸ್ ಪರ್ವತದ ಮೇಲಿನ ಹಳ್ಳಿಗಳಲ್ಲಿ ಜಠರದ ಕ್ಯಾನ್ಸರ್ ಬಹಳ. ಅಲ್ಲಿಂದ ಹೆಚ್ಚು ದೂರವಿಲ್ಲದ ಸಮುದ್ರತೀರದಲ್ಲಿ ಬಲು ಕಡಿಮೆ. ಬೆಟ್ಟದ ಜನರ ಜಠರದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಕ್ಯಾನ್ಸರಿಗೆ ಬಹು ಮೊದಲೇ ಆಗುವ ಬದಲಾವಣೆಗಳು ಒಂದೊಂದಾಗಿ ಗೋಚರಿಸಿದವು. ಮೊದಲು ದೀರ್ಘಕಾಲದ ಉರಿಯೂತ, ಬಳಿಕ ಆಮ್ಲವನ್ನು ಸ್ರವಿಸುವ ಗ್ರಂಥಿಗಳ ಕ್ಷಯ, ಬಳಿಕ ಜಠರದ ಕೋಶಗಳು ತಮ್ಮ ರೂಪವನ್ನು ಮರೆತು ಕರುಳಿನ ಕೋಶಗಳ ರೂಪವನ್ನು ತಾಳುವುದು, ಅನಂತರ ವಿಕಾರವಾದ ಬೆಳವಣಿಗೆ, ಕಟ್ಟಕಡೆಗೆ ಕ್ಯಾನ್ಸರ್. ೧೯೭೫ರಲ್ಲಿ ಕೊರಿಯ ಮತ್ತು ಅವರ ಸಂಗಡಿಗರು ಪ್ರತಿಪಾದಿಸಿದ ಈ ಮೆಟ್ಟಿಲುಗಳ ಕಲ್ಪನೆಯನ್ನು ವೈದ್ಯರು ಇಂದಿಗೂ ಒಪ್ಪುತ್ತಾರೆ. ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯಲು ಅನೇಕ ವೇಳೆ ಹಲವಾರು ದಶಕಗಳೇ ಬೇಕಾಗುತ್ತವೆ. ಎಲ್ಲ ಜಠರ ಕ್ಯಾನ್ಸರುಗಳೂ ಈ ಹಾದಿಯಲ್ಲೇ ಬರುತ್ತವೆಂದಲ್ಲ. ಗಡ್ಡೆ ಕಟ್ಟದೆ, ಕೋಶಗಳು ಒಂದೊಂದಾಗಿ ಚದರಿ ಗೋಡೆಯೊಳಗೆ ನುಸುಳುವ ಇನ್ನೊಂದು ಬಗೆಯೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಮೊದಲನೆಯ ಮೆಟ್ಟಿಲಿಗೆ ಕಾರಣವೇನು? ಇದನ್ನು ಹುಡುಕುವ ಪ್ರಯತ್ನದಲ್ಲಿ ವಿಜ್ಞಾನವು ಒಮ್ಮೆ ದಾರಿ ತಪ್ಪಿತ್ತು. ಡೆನ್ಮಾರ್ಕಿನ ಯೋಹಾನೆಸ್ ಫಿಬಿಗರ್ ಎಂಬ ವಿಜ್ಞಾನಿಯು ಇಲಿಗಳಿಗೆ ಒಂದು ಬಗೆಯ ಹುಳು ಸೇರಿದ ಜಿರಲೆಗಳನ್ನು ತಿನ್ನಿಸಿ, ಅವುಗಳ ಜಠರದಲ್ಲಿ ಕ್ಯಾನ್ಸರ್ ಹುಟ್ಟಿತೆಂದು ಸಾರಿದನು. ಆ ಕಾರ್ಯಕ್ಕಾಗಿ ೧೯೨೬ನೆಯ ವರ್ಷದ ನೊಬೆಲ್ ಪಾರಿತೋಷಕವೂ ಅವನಿಗೆ ಸಂದಿತು. ಅವನು ಕಂಡ ಗಡ್ಡೆಗಳಿಗೆ ಆಹಾರದಲ್ಲಿ ಎ ಜೀವಸತ್ವದ ಕೊರತೆಯೇ ಮುಖ್ಯ ಕಾರಣವೆಂದೂ ಹುಳು ಕ್ಯಾನ್ಸರನ್ನು ತರುವುದಿಲ್ಲವೆಂದೂ ಅನಂತರದ ಪರೀಕ್ಷೆಗಳಿಂದ ಗೊತ್ತಾಯಿತು. ಫಿಬಿಗರನನ್ನು ಕಂಡು ನಗುವುದು ಸುಲಭ. ಆದರೆ ಬಾಹ್ಯ ಕಾರಣವೊಂದನ್ನು ಪ್ರಯೋಗದಿಂದ ಹುಡುಕಬೇಕೆಂಬ ಅವನ ಹಟ ತಪ್ಪಾಗಿರಲಿಲ್ಲ.

ನಿಜವಾದ ಅಪರಾಧಿ ಸಿಕ್ಕಿದ್ದು ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ಅಲ್ಲಿನ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಕಂಡಿದ್ದರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಅವರಿಂದ ಆಗಿರಲಿಲ್ಲ. ೧೯೮೨ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಹಾಗೆಯೇ ಉಳಿದವು. ಆಗ ಬ್ಯಾಕ್ಟೀರಿಯ ಬೆಳೆದಿತ್ತು! ಆಮ್ಲದಲ್ಲಿ ಯಾವ ಜೀವಿಯೂ ನೆಲಸಲಾರದೆಂದು ವೈದ್ಯಲೋಕ ನಂಬಿದ್ದ ಕಾಲ ಅದು. ೧೯೮೪ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯದ ದ್ರಾವಣವನ್ನು ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತವನ್ನು ಬರಿಸಿಕೊಂಡರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರಾದ ಈ ಜೀವಿಯನ್ನು ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರಿನ ನಿಶ್ಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟರಿಂದ ಒಗಟು ಬಿಡಿಸಿದಂತಾಗಲಿಲ್ಲ. ಜಗತ್ತಿನ ಜನರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಯ ಜಠರದಲ್ಲಿ ಈ ಬ್ಯಾಕ್ಟೀರಿಯ ಮನೆಮಾಡಿದೆ. ಅವರಲ್ಲಿ ಕ್ಯಾನ್ಸರಿಗೆ ತುತ್ತಾಗುವವರು ನೂರಕ್ಕೆ ಒಬ್ಬರಿಂದ ಮೂವರು ಮಾತ್ರ. ಬ್ಯಾಕ್ಟೀರಿಯ ಬಾಗಿಲನ್ನು ತಟ್ಟುತ್ತದೆ, ನಿಜ. ಒಳಗಿನ ಅಗುಳಿಯನ್ನು ತೆಗೆಯುವವರು ಯಾರು? ಇದನ್ನು ತಿಳಿಯಬೇಕಾದರೆ ಜೀವಕೋಶದ ಆಡಳಿತವನ್ನು ಸ್ವಲ್ಪ ಅರಿಯಬೇಕು.

ಹಿಂದಿನ ಅರಸರ ಆಳ್ವಿಕೆಯಲ್ಲಿ ಮೂಲ ಕಡತಗಳು ಅರಮನೆಯ ಭಂಡಾರದಲ್ಲಿಯೇ ಇರುತ್ತಿದ್ದವು. ಅವುಗಳ ನಕಲನ್ನು ಹೊತ್ತು ಓಲೆಕಾರರು ಊರೂರಿಗೆ ಹೋಗುತ್ತಿದ್ದರು. ಜೀವಕೋಶದಲ್ಲಿಯೂ ಹೀಗೆಯೇ. ಕೋಶಕೇಂದ್ರದೊಳಗಿನ ಡಿ.ಎನ್.ಎ. ಮೂಲ ಕಡತ. ಅದರಲ್ಲಿ ಜೀನುಗಳೆಂಬ ಆಜ್ಞೆಗಳು ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆಯಲ್ಪಟ್ಟಿವೆ. ಬೇಕಾದ ಆಜ್ಞೆಯ ನಕಲು ಆರ್.ಎನ್.ಎ. ಎಂಬ ಎಳೆಯ ಮೇಲೆ ಇಳಿದು ಕೋಶಕೇಂದ್ರದಿಂದ ಹೊರಬರುತ್ತದೆ. ಅದನ್ನು ಓದಿ ರೈಬೋಸೋಮುಗಳು ಪ್ರೋಟೀನನ್ನು ತಯಾರಿಸುತ್ತವೆ. ಓಲೆಕಾರ ಆರ್.ಎನ್.ಎ.ಯ ಈ ಸ್ವರೂಪವು ೧೯೬೧ರಲ್ಲಿ ಸ್ಪಷ್ಟವಾದಂದಿನಿಂದ ಅದನ್ನು ಬರಿಯ ಸೇವಕನೆಂದೇ ಬಹುಕಾಲ ಭಾವಿಸಲಾಗಿತ್ತು. ಮನುಷ್ಯನ ಡಿ.ಎನ್.ಎ.ಯಲ್ಲಿ ಪ್ರೋಟೀನನ್ನು ನಿರ್ದೇಶಿಸುವ ಭಾಗವು ನೂರಕ್ಕೆ ಎರಡನ್ನು ಮೀರುವುದಿಲ್ಲವೆಂದು ತಿಳಿದಾಗ ಉಳಿದುದನ್ನು ಕಸವೆಂದು ಕರೆದವರೂ ಇದ್ದರು. ತನಗೆ ಅರ್ಥವಾಗದ್ದನ್ನು ಕಸವೆನ್ನುವುದು ಮನುಷ್ಯನ ಹಳೆಯ ಚಾಳಿ.

ಈ ಭಾವನೆಯನ್ನು ಬದಲಾಯಿಸಿದ್ದು ಮತ್ತೊಂದು ಹುಳು. ಇದು ಫಿಬಿಗರನ ಹುಳುವಲ್ಲ. ಮಣ್ಣಿನಲ್ಲಿ ವಾಸಿಸುವ, ಒಂದು ಮಿಲಿಮೀಟರು ಉದ್ದದ, ಯಾರಿಗೂ ಕೇಡು ಮಾಡದ ಜಂತು. ಅದರ ಒಂದು ತಳಿಯಲ್ಲಿ ಮರಿಯು ಬೆಳೆಯುವಾಗ ಮೊದಲನೆಯ ಹಂತದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತ, ಮುಂದಿನ ಹಂತಕ್ಕೆ ಹೋಗಲು ಅರಿಯದೆ ನಿಂತುಬಿಡುತ್ತಿತ್ತು. ಅದರಲ್ಲಿ ಕೆಟ್ಟಿದ್ದ ಜೀನನ್ನು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಅವರ ಸಹೋದ್ಯೋಗಿಗಳು ಹುಡುಕಿ ತೆಗೆದಾಗ ಆಶ್ಚರ್ಯವೊಂದು ಕಾದಿತ್ತು. ಆ ಜೀನು ಯಾವ ಪ್ರೋಟೀನನ್ನೂ ನಿರ್ದೇಶಿಸುತ್ತಿರಲಿಲ್ಲ. ಕೇವಲ ೨೨ ಅಕ್ಷರಗಳ ಒಂದು ಪುಟ್ಟ ಆರ್.ಎನ್.ಎ.ಯನ್ನು ಮಾತ್ರ ಉತ್ಪಾದಿಸುತ್ತಿತ್ತು. ಅದೇ ವೇಳೆಗೆ ಗ್ಯಾರಿ ರವ್‌ಕುನ್ ಎಂಬುವರು ಬೇರೊಂದು ಜೀನಿನ ಓಲೆಕಾರ ಆರ್.ಎನ್.ಎ.ಯ ಬಾಲದಲ್ಲಿ ಈ ಪುಟ್ಟ ಎಳೆಗೆ ಹೊಂದಿಕೆಯಾಗುವ ಅಕ್ಷರಗಳಿರುವುದನ್ನು ಕಂಡರು. ಪುಟ್ಟ ಎಳೆಯು ಓಲೆಕಾರನ ಬಾಲಕ್ಕೆ ಅಂಟಿಕೊಂಡು, ಓಲೆಯನ್ನು ಓದಲು ಬಿಡುತ್ತಿರಲಿಲ್ಲ. ಇಬ್ಬರ ಬರಹಗಳೂ ೧೯೯೩ರಲ್ಲಿ ಪ್ರಕಟವಾದವು. ಲೋಕ ಅವುಗಳನ್ನು ಹುಳುವಿನ ವೈಚಿತ್ರ್ಯವೆಂದು ಬದಿಗಿಟ್ಟಿತು. ೨೦೦೦ದಲ್ಲಿ ರವ್‌ಕುನರು ಅದೇ ಹುಳುವಿನಲ್ಲಿ ಲೆಟ್-೭ ಎಂಬ ಇನ್ನೊಂದು ಪುಟ್ಟ ಆರ್.ಎನ್.ಎ.ಯನ್ನು ಕಂಡುಹಿಡಿದು, ಅದು ಮನುಷ್ಯನಲ್ಲಿಯೂ ಅಕ್ಷರಶಃ ಹಾಗೆಯೇ ಇದೆಯೆಂದು ತೋರಿಸಿದ ಬಳಿಕ ಯಾರೂ ನಗಲಿಲ್ಲ. ೨೦೨೪ರ ನೊಬೆಲ್ ಪಾರಿತೋಷಕವು ಈ ಇಬ್ಬರಿಗೆ ಸಂದಿತು.

ಇಂಥ ಪುಟ್ಟ ಎಳೆಗಳಿಗೆ ಮೈಕ್ರೋ ಆರ್.ಎನ್.ಎ. ಎಂದು ಹೆಸರು. ಮನುಷ್ಯನಲ್ಲಿ ಇವು ನೂರಾರು ಬಗೆಯವಿವೆ. ಆರ್ಗೊನಾಟ್ ಎಂಬ ಪ್ರೋಟೀನಿನ ತೆಕ್ಕೆಯಲ್ಲಿ ಕುಳಿತು ಇವು ಓಲೆಕಾರರನ್ನು ಹುಡುಕುತ್ತವೆ. ಏಳೆಂಟು ಅಕ್ಷರಗಳು ಹೊಂದಿದರೂ ಸಾಕು, ಆ ಓಲೆ ಓದಲ್ಪಡುವುದಿಲ್ಲ ಅಥವಾ ಬೇಗ ನಾಶವಾಗುತ್ತದೆ. ಒಂದು ಮೈಕ್ರೋ ಆರ್.ಎನ್.ಎ. ನೂರಾರು ಓಲೆಗಳನ್ನು ತಡೆಯಬಲ್ಲದು. ಒಂದು ಓಲೆಯನ್ನು ಹಲವು ಮೈಕ್ರೋ ಆರ್.ಎನ್.ಎ.ಗಳು ತಡೆಯಬಲ್ಲವು. ಹೀಗೆ ಹೆಣೆದುಕೊಂಡ ಬಲೆಯೇ ಕೋಶದ ಅಂಕೆಯ ಒಂದು ಪ್ರಧಾನ ಅಂಗ.

ಈಗ ಜಠರಕ್ಕೆ ಹಿಂದಿರುಗೋಣ. ಲೆಟ್-೭ ತಡೆಯುವ ಓಲೆಗಳಲ್ಲಿ ರಾಸ್ ಎಂಬ ಪ್ರೋಟೀನಿನದೂ ಒಂದೆಂದು ೨೦೦೫ರಲ್ಲಿ ತಿಳಿದುಬಂತು. ರಾಸ್ ಕೋಶಕ್ಕೆ ಇಬ್ಭಾಗವಾಗೆಂದು ಹೇಳುವ ಪ್ರೋಟೀನು. ಅದು ಮಿತಿಮೀರಿದರೆ ಕ್ಯಾನ್ಸರಿಗೆ ಹಾದಿ. ಹೆಲಿಕೊಬ್ಯಾಕ್ಟರಿನ ಕೆಲವು ತಳಿಗಳು ಸೂಜಿಯಂಥ ಒಂದು ಅಂಗದಿಂದ ಕ್ಯಾಗ್-ಎ ಎಂಬ ಪ್ರೋಟೀನನ್ನು ಜಠರದ ಕೋಶದೊಳಕ್ಕೆ ಚುಚ್ಚುತ್ತವೆ. ಈ ಕ್ಯಾಗ್-ಎ ತುಂಬಿದ ಕೋಶಗಳಲ್ಲಿ ಲೆಟ್-೭ರ ಜೀನಿನ ಮೇಲೆ ಮೀಥೈಲ್ ಎಂಬ ರಾಸಾಯನಿಕ ಬೀಗಗಳು ಬೀಳುವುದನ್ನೂ ಲೆಟ್-೭ ಕುಗ್ಗಿ ರಾಸ್ ಹೆಚ್ಚುವುದನ್ನೂ ಜಪಾನಿನ ಸಂಶೋಧಕರು ೨೦೧೩ರಲ್ಲಿ ತೋರಿಸಿದರು. ಜೀನಿನ ಒಂದಕ್ಷರವೂ ಬದಲಾಗಿಲ್ಲ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದೆ, ಅಷ್ಟೆ. ಹುಳುವಿನ ಮರಿಯಲ್ಲಿ ಲೆಟ್-೭ರ ಕೆಲಸವೇನಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಎಳೆಯ ಕೋಶವು ಬಲಿತು ತನ್ನ ನೆಲೆಗೆ ನಿಲ್ಲುವಂತೆ ಮಾಡುವುದೇ ಅದರ ಕೆಲಸ. ಕಾವಲು ಸಡಿಲವಾದ ಜಠರದ ಕೋಶವೂ ಬಲಿಯಲು ಮರೆಯುತ್ತದೆ.

ಎಲ್ಲ ಮೈಕ್ರೋ ಆರ್.ಎನ್.ಎ.ಗಳೂ ಸಜ್ಜನರೆಂದು ಭಾವಿಸಬಾರದು. ಮೈಕ್ರೋ ಆರ್.ಎನ್.ಎ.-೨೧ ಜಠರದ ಕ್ಯಾನ್ಸರಿನಲ್ಲಿ ಕುಗ್ಗುವ ಬದಲು ಹೆಚ್ಚುತ್ತದೆ. ಅದು ತಡೆಯುವುದು ಪಿಟೆನ್‌ನಂಥ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳ ಓಲೆಗಳನ್ನು.

ಕೋಶವು ಬೆಳೆಯುವುದಕ್ಕಿಂತ ಭಯಂಕರವಾದುದು ಅದು ತನ್ನ ಎಡೆಯನ್ನು ಬಿಟ್ಟು ಹೊರಡುವುದು. ಗಡ್ಡೆಯೊಂದು ಇದ್ದಲ್ಲಿಯೇ ಇದ್ದರೆ ಶಸ್ತ್ರವೈದ್ಯನು ಅದನ್ನು ತೆಗೆದುಹಾಕಬಲ್ಲನು. ಜಠರದ ಕೋಶಗಳನ್ನು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಸಿಡುವ ಗಾರೆಯೆಂದರೆ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಇದರ ಮಹತ್ವವನ್ನು ಲೋಕಕ್ಕೆ ತಿಳಿಸಿಕೊಟ್ಟವರು ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದವರು. ಮೂವತ್ತು ವರ್ಷಗಳ ಅವಧಿಯಲ್ಲಿ ಆ ಬಳಗದ ಇಪ್ಪತ್ತಕ್ಕೂ ಹೆಚ್ಚು ಮಂದಿ ಜಠರದ ಕ್ಯಾನ್ಸರಿನಿಂದ ಅಕಾಲದಲ್ಲಿ ಮರಣಹೊಂದಿದ್ದರು. ಹದಿಹರೆಯದವರನ್ನೂ ರೋಗವು ಬಿಟ್ಟಿರಲಿಲ್ಲ. ಇದು ವಂಶದಲ್ಲಿ ಹರಿದುಬರುತ್ತಿರುವ ಏನೋ ಒಂದು ದೋಷವೆಂದು ಊಹಿಸಿ, ಆ ಕುಟುಂಬದವರು ತಾವಾಗಿಯೇ ವಿಜ್ಞಾನಿಗಳನ್ನು ಅರಸಿ ಹೋದರು. ಒಟಾಗೊ ವಿಶ್ವವಿದ್ಯಾನಿಲಯದ ಪ್ಯಾರಿ ಗಿಲ್‌ಫರ್ಡ್ ಮತ್ತು ಅವರ ಸಂಗಡಿಗರು ಆ ದೋಷವು ಇ-ಕ್ಯಾಡ್‌ಹೆರಿನ್ ಜೀನಿನಲ್ಲಿದೆಯೆಂದು ೧೯೯೮ರಲ್ಲಿ ಪ್ರಕಟಿಸಿದರು. ಹಿಂದೆ ಹೇಳಿದ, ಕೋಶಗಳು ಚದರಿಹೋಗುವ ಬಗೆಯ ಕ್ಯಾನ್ಸರ್ ಇದೇ. ಅಂದಿನಿಂದ ಆ ಬಳಗದಲ್ಲಿ ದೋಷವನ್ನು ಹೊತ್ತವರು ಯಾರೆಂದು ರಕ್ತಪರೀಕ್ಷೆಯಿಂದ ಮೊದಲೇ ತಿಳಿಯಬಹುದಾಗಿದೆ. ಅಂಥವರಲ್ಲಿ ಅನೇಕರು ಆರೋಗ್ಯವಾಗಿದ್ದಾಗಲೇ ಜಠರವನ್ನು ಪೂರ್ತಿಯಾಗಿ ತೆಗೆಸಿಕೊಂಡು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುತ್ತ ಬದುಕುತ್ತಿದ್ದಾರೆ. ಕಠಿಣವಾದ ಆಯ್ಕೆ, ಆದರೂ ತಂದೆತಾಯಿಯರಿಗೆ ಇಲ್ಲದಿದ್ದ ಆಯ್ಕೆ.

ಇಂಥ ದೋಷವನ್ನು ಹುಟ್ಟಿನಿಂದ ಪಡೆದವರು ಬಹಳ ವಿರಳ. ಉಳಿದ ರೋಗಿಗಳಲ್ಲಿ ಗಾರೆ ಸಡಿಲವಾಗುವುದು ಹೇಗೆ? ಅದಕ್ಕೆ ಇರುವ ದಾರಿಗಳಲ್ಲಿ ಒಂದು ಆರ್.ಎನ್.ಎ. ಬಲೆಯದು. ಜೆಬ್ ಎಂಬ ಹೆಸರಿನ ಎರಡು ಪ್ರೋಟೀನುಗಳು ಇ-ಕ್ಯಾಡ್‌ಹೆರಿನ್ ಜೀನನ್ನು ಮುಚ್ಚಿಬಿಡುತ್ತವೆ. ಮೈಕ್ರೋ ಆರ್.ಎನ್.ಎ.-೨೦೦ ಎಂಬ ಬಳಗವು ಜೆಬ್‌ನ ಓಲೆಗಳನ್ನು ತಡೆಯುತ್ತದೆ. ಜೆಬ್ ಕೂಡ ಸುಮ್ಮನಿರದೆ ಆ ಬಳಗದ ಜೀನುಗಳನ್ನೇ ಮುಚ್ಚುತ್ತದೆ. ೨೦೦೮ರಲ್ಲಿ ಹಲವು ಪ್ರಯೋಗಾಲಯಗಳು ಬಿಡಿಸಿದ ಈ ಸಂಬಂಧವು ತಕ್ಕಡಿಯ ಎರಡು ತಟ್ಟೆಗಳಂತಿದೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ನಡುವೆ ನಿಲ್ಲುವುದು ಕಷ್ಟ. ಉರಿಯೂತದಂಥ ಸಣ್ಣ ಒತ್ತಡವೊಂದು ಜೆಬ್‌ನ ತಟ್ಟೆಯನ್ನು ತುಸು ಭಾರವಾಗಿಸಿದರೂ ಅದು ತಳಮುಟ್ಟುವವರೆಗೆ ಇಳಿಯಬಹುದು. ಆಗ ಗಾರೆ ಕರಗಿ ಕೋಶವು ಬಿಡುಗಡೆಯಾಗಿ ಹೊರಡುತ್ತದೆ. ವಿಪರ್ಯಾಸವೆಂದರೆ, ದೂರದ ಯಕೃತ್ತನ್ನೋ ಶ್ವಾಸಕೋಶವನ್ನೋ ಸೇರಿದ ಬಳಿಕ ತಟ್ಟೆ ಮತ್ತೆ ತಿರುಗಿ, ಅಲೆಮಾರಿ ಕೋಶವು ಅಲ್ಲಿ ನೆಲೆಯೂರಿ ಗಡ್ಡೆಯನ್ನು ಕಟ್ಟಬಹುದು.

ಬಲೆಯ ಎಳೆಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರೋಟೀನನ್ನು ನಿರ್ದೇಶಿಸದ ಉದ್ದನೆಯ ಆರ್.ಎನ್.ಎ.ಗಳೂ ತುದಿಗಳು ಕೂಡಿ ಬಳೆಯಂತಾದ ಆರ್.ಎನ್.ಎ.ಗಳೂ ಕೋಶದಲ್ಲಿವೆ. ಇವು ಮೈಕ್ರೋ ಆರ್.ಎನ್.ಎ.ಗಳನ್ನು ಸ್ಪಂಜಿನಂತೆ ಹೀರಿಕೊಂಡು, ಅವು ತಡೆಯುತ್ತಿದ್ದ ಓಲೆಗಳನ್ನು ಬಿಡುಗಡೆ ಮಾಡುತ್ತವೆಂಬ ವಾದವನ್ನು ೨೦೧೧ರಲ್ಲಿ ಬಾಸ್ಟನ್ನಿನ ಪಾಂಡೋಲ್ಫಿ ಮತ್ತು ಅವರ ಸಂಗಡಿಗರು ಮುಂದಿಟ್ಟರು. ಹಾಟೇರ್ ಎಂಬ ಉದ್ದನೆಯ ಆರ್.ಎನ್.ಎ.ಯು ಮೈಕ್ರೋ ಆರ್.ಎನ್.ಎ.-೩೩೧ನ್ನು ಹೀಗೆ ಹೀರಿ, ಹರ್-೨ ಎಂಬ ಬೆಳವಣಿಗೆಯ ಪ್ರೋಟೀನನ್ನು ಹೆಚ್ಚಿಸುತ್ತದೆಂದು ೨೦೧೪ರಲ್ಲಿ ಚೀನದ ಸಂಶೋಧಕರು ಜಠರದ ಕ್ಯಾನ್ಸರಿನಲ್ಲಿ ವರದಿ ಮಾಡಿದರು. ಈ ಬಗೆಯ ವರದಿಗಳು ಬಳಿಕ ಲೆಕ್ಕವಿಲ್ಲದಷ್ಟು ಬಂದಿವೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸ್ಪಂಜು ನೀರನ್ನು ಹೀರಬೇಕಾದರೆ ನೀರಿಗೆ ತಕ್ಕಷ್ಟು ದೊಡ್ಡದಿರಬೇಕಷ್ಟೆ? ಜ್ಯೂರಿಕ್ ನಗರದ ಸಂಶೋಧಕರು ೨೦೧೪ರಲ್ಲಿ ಯಕೃತ್ತಿನ ಕೋಶಗಳಲ್ಲಿ ಲೆಕ್ಕಹಾಕಿ ನೋಡಿದಾಗ, ಉಳಿದ ಓಲೆಗಳಿಗೆ ಕಿಂಚಿತ್ತಾದರೂ ಬಿಡುಗಡೆ ದೊರೆಯಬೇಕಾದರೆ ಒಂದೊಂದು ಕೋಶದಲ್ಲಿ ಲಕ್ಷಕ್ಕೂ ಮೀರಿದ ಅಂಟುತಾಣಗಳು ಹೊಸದಾಗಿ ಸೇರಬೇಕೆಂದು ಕಂಡಿತು. ಸ್ಪಂಜುಗಳಲ್ಲಿ ಹೆಸರುವಾಸಿಯಾದ ಒಂದು ಬಳೆ ಆರ್.ಎನ್.ಎ.ಯನ್ನು ೨೦೧೭ರಲ್ಲಿ ಬರ್ಲಿನ್ನಿನವರು ಇಲಿಯಿಂದ ತೆಗೆದುಹಾಕಿದರು. ಆಗ ಅದು ಹೀರುತ್ತಿದ್ದುದೆಂದು ನಂಬಿದ್ದ ಮೈಕ್ರೋ ಆರ್.ಎನ್.ಎ. ಮಿದುಳಿನಲ್ಲಿ ಹೆಚ್ಚುವ ಬದಲು ಕಡಿಮೆಯಾಯಿತು. ಲೆಟ್-೭, ೨೧, ೨೦೦ ಇವುಗಳ ಸಂಗತಿ ಹಲವು ಕಡೆಗಳಿಂದ ದೃಢಪಟ್ಟಿದೆ; ಸ್ಪಂಜುಗಳ ಚಿತ್ರಗಳಲ್ಲಿ ಎಷ್ಟು ಉಳಿಯುವುದೆಂಬುದನ್ನು ಕಾಲವೇ ಹೇಳಬೇಕು.

ಈ ತಿಳಿವಳಿಕೆಯಿಂದ ರೋಗಿಗೆ ಏನು ಪ್ರಯೋಜನ? ಕಳೆದುಹೋದ ಮೈಕ್ರೋ ಆರ್.ಎನ್.ಎ.ಯನ್ನು ಔಷಧವಾಗಿ ಕೊಡುವ ಯತ್ನ ಸಹಜವಾಗಿಯೇ ನಡೆಯಿತು. ಮೈಕ್ರೋ ಆರ್.ಎನ್.ಎ.-೩೪ನ್ನು ಕೊಬ್ಬಿನ ಸೂಕ್ಷ್ಮ ಹನಿಗಳಲ್ಲಿ ತುಂಬಿ, ವಿವಿಧ ಕ್ಯಾನ್ಸರುಗಳಿದ್ದ ರೋಗಿಗಳಿಗೆ ಕೊಡುವ ಪರೀಕ್ಷೆಯು ೨೦೧೩ರಲ್ಲಿ ಆರಂಭವಾಯಿತು. ಕೆಲವರಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಉಗ್ರವಾಗಿ ಕೆರಳಿ ಪ್ರಾಣಹಾನಿಯಾದುದರಿಂದ ೨೦೧೬ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನೂರಾರು ಓಲೆಗಳನ್ನು ತಡೆಯಬಲ್ಲ ವಸ್ತುವನ್ನು ಮೈಯೆಲ್ಲ ಹರಿಸುವುದು ಸುಲಭದ ಮಾತಲ್ಲ.

ರೋಗವನ್ನು ಬೇಗ ಕಂಡುಹಿಡಿಯುವ ದಿಕ್ಕಿನಲ್ಲಿ ಹೆಚ್ಚು ಭರವಸೆಯಿದೆ. ಮೈಕ್ರೋ ಆರ್.ಎನ್.ಎ.ಗಳು ಕೋಶದಿಂದ ಸೋರಿ ರಕ್ತವನ್ನು ಸೇರಿದರೂ ಬೇಗ ಕೆಡುವುದಿಲ್ಲ. ಸಿಂಗಪುರದಲ್ಲಿ ಇಂಥ ೧೨ ಮೈಕ್ರೋ ಆರ್.ಎನ್.ಎ.ಗಳನ್ನು ಅಳೆಯುವ ರಕ್ತಪರೀಕ್ಷೆಯೊಂದನ್ನು ರೂಪಿಸಿ, ಅಲ್ಲಿನ ಮತ್ತು ಕೊರಿಯದ ೫,೨೪೮ ಜನರಲ್ಲಿ ಪರಿಶೀಲಿಸಿದ್ದಾರೆ. ಸಂಶಯಾಸ್ಪದವೆಂದು ತೋರಿದವರಿಗೆ ಅಂತರ್ದರ್ಶಕ ನಳಿಕೆಯನ್ನು ಇಳಿಸಿ ನೋಡಲೇಬೇಕು. ರಕ್ತದ ಹನಿ ಅದಕ್ಕೆ ಬದಲಿಯಲ್ಲ.

ಮೂಲದಲ್ಲಿಯೇ ಬ್ಯಾಕ್ಟೀರಿಯವನ್ನು ಹೊರದೂಡುವುದು ಎಲ್ಲಕ್ಕಿಂತ ಸರಳವಾದ ಮಾರ್ಗ. ತೈವಾನಿಗೆ ಸೇರಿದ ಮಾತ್ಸು ದ್ವೀಪಗಳಲ್ಲಿ ೨೦೦೪ರಿಂದ ಊರಿಗೆ ಊರೇ ಪರೀಕ್ಷೆ ಮಾಡಿಸಿಕೊಂಡು ಔಷಧ ಸೇವಿಸಿತು. ಅಲ್ಲಿ ಜಠರದ ಕ್ಯಾನ್ಸರ್ ಮುಂದಿನ ವರ್ಷಗಳಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಪೂರ್ತಿಯಾಗಿ ಏಕೆ ಇಳಿಯಲಿಲ್ಲವೆಂಬುದಕ್ಕೆ ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತೋಶಿಕಾಜು ಉಷಿಜಿಮ ಮತ್ತು ಅವರ ಸಂಗಡಿಗರ ಕೆಲಸದಲ್ಲಿ ಒಂದು ಸುಳಿವಿದೆ. ಬ್ಯಾಕ್ಟೀರಿಯ ಹೋದ ಮೇಲೂ ಅದು ಹಾಕಿದ ಮೀಥೈಲ್ ಬೀಗಗಳಲ್ಲಿ ಒಂದಷ್ಟು ಹಾಗೆಯೇ ಉಳಿದಿರುತ್ತವೆ. ಆರಂಭದ ಕ್ಯಾನ್ಸರನ್ನು ತೆಗೆಸಿಕೊಂಡು, ಬ್ಯಾಕ್ಟೀರಿಯದಿಂದಲೂ ಮುಕ್ತರಾದ ೮೨೬ ಮಂದಿಯ ಜಠರದಲ್ಲಿ, ನೋಡಲು ಆರೋಗ್ಯವಾಗಿಯೇ ಇದ್ದ ಜಾಗದಿಂದ ಚೂರುಗಳನ್ನು ತೆಗೆದು ಅವರು ಈ ಬೀಗಗಳನ್ನು ಎಣಿಸಿದರು. ಮೈಕ್ರೋ ಆರ್.ಎನ್.ಎ.-೧೨೪ರ ಒಂದು ಜೀನಿನ ಮೇಲೆ ಬೀಗಗಳು ಅತಿ ಹೆಚ್ಚಾಗಿದ್ದವರಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಎರಡನೆಯ ಕ್ಯಾನ್ಸರ್ ಹುಟ್ಟುವ ಸಂಭವವು ಉಳಿದವರಿಗಿಂತ ಸ್ಪಷ್ಟವಾಗಿ ಅಧಿಕವಾಗಿತ್ತು. ೨೦೧೫ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು. ಯಾರ ಜಠರವನ್ನು ವರ್ಷವರ್ಷವೂ ತಪ್ಪದೆ ನೋಡಬೇಕು, ಯಾರು ಸ್ವಲ್ಪ ನಿಶ್ಚಿಂತರಾಗಿರಬಹುದು ಎಂಬುದನ್ನು ಸೂಕ್ಷ್ಮದರ್ಶಕಕ್ಕೂ ಕಾಣದ ಈ ಗುರುತುಗಳಿಂದ ಹೇಳುವ ಕೆಲಸ ಹೀಗೆ ಆರಂಭವಾಗಿದೆ.